ಹಿತ್ತಲಲ್ಲಿದ್ದ ಪಂಪು

ಸಂಪತ್‌ನ ಅಂತ್ಯಕ್ರಿಯೆಗೆ ಊರಿನಿಂದ ಬಂದಿದ್ದವರೆಲ್ಲ ಭಾನುವಾರದ ವಿಮಾನಕ್ಕೆ ಹೊರಟುಹೋದರು. ಸೋಮವಾರ ಬೆಳಿಗ್ಗೆ ಅವನ ಹೆಂಡತಿ ನಿಶ್ಚಿತಾ ಸಿಂಗಪುರದ ಪೊಲೀಸ್ ಠಾಣೆಯೊಂದರ ಕೌಂಟರಿನ ಮುಂದೆ ನಿಂತಿದ್ದಳು. ಕೊರಳಲ್ಲಿ ಆಫೀಸಿನ ಐಡಿ ಕಾರ್ಡ್ ಇತ್ತು. ಬ್ಯೂನಾ ವಿಸ್ಟಾದ ಆಫೀಸಿಗೆಂದೇ ಹೊರಟವಳು, ಎಂಆರ್‌ಟಿ ರೈಲು ಹತ್ತದೆ ಇತ್ತ ತಿರುಗಿದ್ದಳು.

ಇನ್ಸ್‌ಪೆಕ್ಟರ್ ಮುಕುಂದ ಅವಳನ್ನು ಒಳಗೆ ಕರೆದು ಕೂರಿಸಿದ. ಸಿಂಗಪುರದಲ್ಲೇ ಹುಟ್ಟಿ ಬೆಳೆದವನು. ಕನ್ನಡ ಅವನ ಮನೆಮಾತು. ಸಂಪತ್ ಸತ್ತ ದಿನವೇ ಅಸಹಜ ಸಾವಿನ ಪ್ರಕರಣ ದಾಖಲಾಗಿ ಅವನ ಕೈಗೆ ಬಂದಿತ್ತು.

"ಕಂಪ್ಲೇಂಟ್ ಯಾರ ಮೇಲೆ?"

"ಗೋಪಿನಾಥ್ ಮೇಲೆ. ಸಂಪತ್ ಪಾರ್ಟ್ನರ್. ಪಂಪ್ ಇಡಬಾರದ ಜಾಗದಲ್ಲಿ ಇಟ್ಟಿದ್ದಾನೆ."

"ಬೇಕಂತಲೇ ಅಂತೀರಾ?"

"ಗೊತ್ತಿಲ್ಲ. ನೀವು ಕೇಳಿ."

ಮುಕುಂದ ದೂರು ಬರೆದುಕೊಂಡ.

ಪ್ರಕರಣದ ವಿವರ ಸರಳವಾಗಿತ್ತು. ಬುಕಿತ್ ಪಂಜಾಂಗ್ ಹತ್ತಿರ ನಿವೃತ್ತರಾದ ಅನಂತರಾಮ್ ಅವರ ಸ್ವಂತ ಮನೆ. ನೆಲಮಾಳಿಗೆಯಲ್ಲಿ ಎಸಿ ಹಾಕಿದರೆ ಗೋಡೆ ಬೆವರಿ ಬೂಸ್ಟು ಹಿಡಿಯುತ್ತಿತ್ತು. ಗೋಡೆಗೆಲ್ಲ ಫೋಮ್ ಸ್ಪ್ರೇ ಮಾಡಿಸಲು ಅವರು ಅದೇ ಕೆಲಸದ ಗುತ್ತಿಗೆ ಹಿಡಿಯುತ್ತಿದ್ದ ಸಂಪತ್‌ಗೆ ಹೇಳಿದ್ದರು. ಗನ್ನಿನಿಂದ ಚಿಮ್ಮಿದ ದ್ರವ ನೊರೆಯಂತೆ ಉಬ್ಬಿ ಗಟ್ಟಿಯಾಗುತ್ತದೆ. ಅಲ್ಲಿಯತನಕ ಅದರ ಆವಿ ವಿಷ. ಆ ಗಾಳಿಯನ್ನು ಫ್ಯಾನು ಕೊಳವೆಯ ಮೂಲಕ ಮನೆಯ ಪಕ್ಕದ ಓಣಿಗೆ ನೂಕುತ್ತಿತ್ತು. ಸ್ಪ್ರೇ ಮಾಡುವವನ ಮುಖವಾಡಕ್ಕೆ ಉಸಿರಿನ ಗಾಳಿ ಬರುವುದು ಹೊರಗಿಟ್ಟ ಪಂಪಿನಿಂದ, ಉದ್ದದ ಪೈಪಿನಲ್ಲಿ. ಪಂಪು ಶುದ್ಧ ಗಾಳಿಯಿರುವ ಹಿತ್ತಲಲ್ಲಿ ಇರಬೇಕಿತ್ತು. ಪೊಲೀಸರಿಗೆ ಅದು ಸಿಕ್ಕಿದ್ದು ಓಣಿಯಲ್ಲಿ, ಕೊಳವೆಯ ಬಾಯಿಯ ಪಕ್ಕದಲ್ಲೇ. ಹೊರಗೆ ಕಳಿಸಿದ ವಿಷವನ್ನೇ ಸಂಪತ್ ಮುಖವಾಡದೊಳಗೆ ಉಸಿರಾಡಿದ್ದ.

ಅಂದೇ ಮಧ್ಯಾಹ್ನ ಗೋಪಿನಾಥನ ವಿಚಾರಣೆ ನಡೆಯಿತು. ಸಾರ್ಜೆಂಟ್ ಅಮನ್ ಪಕ್ಕದಲ್ಲಿ ಟೈಪು ಮಾಡುತ್ತಿದ್ದ.

"ಪಂಪ್ ಎಲ್ಲಿಟ್ಟೆ?"

"ಹಿತ್ತಲಲ್ಲಿ, ಸರ್. ಆವತ್ತೂ ಅದನ್ನೇ ಹೇಳಿದ್ದೆ."

"ಅದಕ್ಕೆ ಕಾಲು ಬಂತಾ?"

"ಗೊತ್ತಿಲ್ಲ, ಸರ್."

"ಪಂಪ್ ಹತ್ರ ಒಬ್ಬ ಇರಲೇಬೇಕು ಅನ್ನೋದು ರೂಲ್ಸು. ನೀನೆಲ್ಲಿ ಹೋಗಿದ್ದೆ?"

"ಸಿಗರೇಟ್ ಸೇದೋಕೆ. ಗೇಟಿನ ಆಚೆ."

ಅವನ ತುಟಿ, ಬೆರಳು ಸಿಗರೇಟು ಸೇದುವವನವಲ್ಲ. ಮುಕುಂದ ಫೋನಿನ ದಾಖಲೆ ತರಿಸಿದ. ಮಾರನೆಯ ದಿನ ನಿಶ್ಚಿತಾಳನ್ನು ಮತ್ತೆ ಕರೆಸಿದ.

"ಸಂಪತ್ ಒಳಗೆ ಬಿದ್ದ ಹೊತ್ತಿಗೆ ಗೋಪಿನಾಥ್ ನಿಮ್ಮ ಜೊತೆ ಫೋನಲ್ಲಿದ್ದ. ನೀವು ಹೇಳಲಿಲ್ಲ."



"ಸಂಪತ್ ಫೋನ್ ಎತ್ತಲಿಲ್ಲ. ಗೋಪಿಗೆ ಮಾಡಿದೆ. ಬರ್ತಾ ಕೊತ್ತಂಬರಿ ಸೊಪ್ಪು ತರಬೇಕಿತ್ತು. ಪಂಪಿನ ಸದ್ದಿಗೆ ಏನೂ ಕೇಳಲ್ಲ ಅತ್ತಿಗೆ ಅಂದ. ಸ್ವಲ್ಪ ಈಚೆ ಬಾ ಅಂತ ನಾನೇ ಅಂದೆ."

"ಸೊಪ್ಪು ತರೋಕೆ ಹೇಳಕ್ಕೆ ಅಷ್ಟು ಹೊತ್ತಾ?"

"ಅವನಿಗೆ ಮಗು ಆಗಿದೆ. ಯಾವ ಹೆಸರಿಡಬೇಕು ಅಂತ ಕೇಳಿದ. ನಾನು ಒಂದೊಂದೇ ಹೆಸರು ಹೇಳ್ತಾ ಹೋದೆ." ಆಮೇಲೆ ಕೇಳಿದಳು: "ಅವನೇನು ಹೇಳಿದ?"

"ಸಿಗರೇಟ್ ಸೇದಕ್ಕೆ ಹೋಗಿದ್ದೆ ಅಂದ."

"ಅವನು ಸೇದಲ್ಲ," ಎಂದಳು ನಿಶ್ಚಿತಾ.

ಅವಳ ಹೆಸರು ಬರದಿರಲೆಂದು ಸುಳ್ಳು ಹೇಳಿದ ಗೋಪಿನಾಥ ಪಂಪಿನ ವಿಷಯದಲ್ಲಿ ನಿಜ ಹೇಳಿರಬಹುದು. ಮುಕುಂದ ಘಟನಾಸ್ಥಳದ ಫೋಟೋಗಳನ್ನು ಮತ್ತೆ ತೆರೆದ. ಹಿತ್ತಲ ಒದ್ದೆ ನೆಲದಲ್ಲಿ ಪಂಪಿನ ನಾಲ್ಕು ಕಾಲು ಕೂತಿದ್ದ ಒಣ ಗುರುತು ಕಂಡಿತು. ಅಲ್ಲಿಂದ ಓಣಿಯ ಕಡೆಗೆ ಎಳೆದ ಗೆರೆಯೂ ಇತ್ತು. ಅಮನ್ ಮತ್ತೊಂದು ಫೋಟೋ ದೊಡ್ಡದು ಮಾಡಿದ. ಕಾಂಪೌಂಡ್ ಗೋಡೆಯ ಮೇಲೆ ಬಾಳೆ ಎಲೆಯ ತುಂಡು, ಅದಕ್ಕೆ ಅಂಟಿದ ನಾಲ್ಕು ಅಗುಳು, ಕರಿ ಎಳ್ಳು.

"ಬರ್ಡ್ ಫೀಡಿಂಗ್, ಸರ್. ಇಲ್ಲಿ ಇದಕ್ಕೂ ಫೈನ್ ಹಾಕಬಹುದು," ಎಂದು ಅಮನ್ ನಕ್ಕ.

ಮುಕುಂದ ನಗಲಿಲ್ಲ. ಅವನ ಅಪ್ಪ ವರ್ಷಕ್ಕೊಮ್ಮೆ ತಮ್ಮ ಫ್ಲಾಟ್ ಕಟ್ಟಡದ ಕೆಳಗಿನ ತೆರೆದ ಜಾಗ, ವಾಯ್ಡ್ ಡೆಕ್‌ನ ಹಿಂದೆ ಕದ್ದು ಇಂಥದೇ ಎಲೆ ಇಟ್ಟು ಬರುತ್ತಿದ್ದರು. ಯಾರಾದರೂ ಬಂದರೆ ಕೆಮ್ಮುವುದು ಮುಕುಂದನ ಕೆಲಸವಾಗಿತ್ತು.

ಬುಧವಾರ ಹತ್ತು ಗಂಟೆಗೆ ಇಬ್ಬರೂ ಅನಂತರಾಮ್ ಅವರ ಮನೆಗೆ ಹೋದರು. ಅವರ ತಂಗಿ ಭಾಗೀರಥಿ ನೀರು ತಂದಿಟ್ಟರು.

"ಆವತ್ತು ಹಿತ್ತಲಿಗೆ ಹೋಗೇ ಇಲ್ಲ ಅಂತ ಸ್ಟೇಟ್‌ಮೆಂಟ್ ಕೊಟ್ಟಿದ್ದೀರಿ, ಅಂಕಲ್."

"ಹೌದಪ್ಪ."

"ಯಾರ ತಿಥಿ ಇತ್ತು?"

ಮುದುಕರು ತಂಗಿಯ ಮುಖ ನೋಡಿದರು. ಆಕೆ ಒಳಗೆ ಹೋದರು.

"ಸರಳಾದು. ನನ್ನ ಹೆಂಡತಿ." ಅವರ ದನಿ ಇಳಿಯಿತು. "ಕಾಗೆ ಎದುರು ಮರದಲ್ಲೇ ಕೂತಿತ್ತು. ಆ ಸದ್ದಿಗೆ ಇಳೀಲಿಲ್ಲ. ಕಾದು ಕಾದು ಸಾಕಾಯ್ತು."

"ಪಂಪ್ ಆಫ್ ಮಾಡಿದ್ರಾ?"

"ಇಲ್ಲ. ಆಫ್ ಮಾಡಿದ್ರೆ ಆ ಹುಡುಗನಿಗೆ ಉಸಿರು ನಿಲ್ಲುತ್ತೆ ಅಂತ ಗೊತ್ತಿತ್ತು. ಅದಕ್ಕೇ ಹುಷಾರಾಗಿ ಓಣಿಗೆ ತಳ್ಳಿದೆ."

"ಮುಟ್ಟಬೇಡಿ ಅಂತ ಸಂಪತ್ ಹೇಳಿರಲಿಲ್ವಾ?"

"ಹೇಳಿದ್ದ. ಎರಡು ಸಲ ಹೇಳಿದ್ದ."

"ಆಮೇಲೆ ಯಾಕೆ ಮುಚ್ಚಿಟ್ರಿ?"

"ಮೊದಲು ಹಕ್ಕಿಗೆ ಅನ್ನ ಹಾಕಿದ್ದಕ್ಕೆ ಫೈನ್ ಅಂತ ಹೆದರಿದೆ. ಆ ಹುಡುಗ ಹೋದ ಅಂತ ತಿಳಿದ ಮೇಲೆ ಹೇಳೋಕೆ ಬಾಯೇ ಬರಲಿಲ್ಲ."

ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಮತ್ತು ಸುಳ್ಳು ಮಾಹಿತಿ ಕೊಟ್ಟ ಆರೋಪದ ಮೇಲೆ ಅನಂತರಾಮ್ ಅವರನ್ನು ಬಂಧಿಸಲಾಯಿತು. ಅಮನ್ ಅವರ ಚಪ್ಪಲಿಯನ್ನು ಕಾಲ ಹತ್ತಿರ ಸರಿಸಿ ಕೊಟ್ಟ. ಕಾರಿನಲ್ಲಿ ಅವರು ತಾವಾಗಿಯೇ ಮಾತಾಡಿದರು. ಕೊನೆಯ ದಿನ ಆಸ್ಪತ್ರೆಯಲ್ಲಿ ಸರಳಾ ಒಂದು ತುತ್ತು ಮೊಸರನ್ನ ಕೇಳಿದ್ದಳು. ಡಾಕ್ಟರ್ ಬೇಡವೆಂದಿದ್ದರು, ಇವರು ಕೊಡಲಿಲ್ಲ. ಹೋದ ವರ್ಷದ ತಿಥಿಗೆ ಕಾಗೆ ಎಲೆಯ ಹತ್ತಿರವೂ ಸುಳಿಯಲಿಲ್ಲ. ಈ ವರ್ಷವೂ ಅವಳು ಹಸಿದೇ ಹೋಗುತ್ತಾಳೆಂದು ಅವರಿಗೆ ತಡೆಯಲಾಗಲಿಲ್ಲ.

ಶುಕ್ರವಾರ ಸಂಪತ್‌ನ ವಸ್ತುಗಳನ್ನು ಪಡೆಯಲು ನಿಶ್ಚಿತಾ ಗೋಪಿನಾಥನ ಜೊತೆ ಬಂದಳು. ಚೀಲದಿಂದ ಒಂದು ಟಾರ್ಚ್ ತೆಗೆದು, "ಇದು ನಮ್ಮದಲ್ಲ," ಎಂದಳು.

"ಮೂಲೆ ಕಾಣ್ತಿಲ್ಲ ಅಂತ ಅನಂತರಾಮ್ ಅಂಕಲ್ ಹತ್ರ ಇಸ್ಕೊಂಡಿದ್ದ, ಅತ್ತಿಗೆ," ಎಂದ ಗೋಪಿನಾಥ.

ಅದನ್ನು ತಾನೇ ಕೊಟ್ಟು ಬರುತ್ತೇನೆ ಎಂದಳು ನಿಶ್ಚಿತಾ. ಅವರಿಬ್ಬರನ್ನೇ ಆ ಮನೆಗೆ ಕಳಿಸುವುದು ಮುಕುಂದನಿಗೆ ಸರಿ ಕಾಣಲಿಲ್ಲ. ಮೂವರೂ ಹೋದರು. ಅನಂತರಾಮ್ ಹೇಳಿದ್ದನ್ನೆಲ್ಲ ಮುಕುಂದ ದಾರಿಯಲ್ಲಿ ಅವಳಿಗೆ ತಿಳಿಸಿದ. ಬಾಗಿಲು ತೆರೆದ ಭಾಗೀರಥಿ ಅವಳನ್ನು ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಒಳಗೆ ಕರೆಯುವ ಧೈರ್ಯ ಅವರಿಗಾಗಲಿಲ್ಲ.

"ಆವತ್ತು ಕಾಗೆ ಬಂತಾ, ಆಂಟಿ?" ಎಂದು ಕೇಳಿದಳು ನಿಶ್ಚಿತಾ.

"ಬಂತಮ್ಮ. ಪಂಪ್ ಅತ್ತ ತಳ್ಳಿದ ಕೂಡಲೇ ಬಂತು. ಎಲ್ಲಾ ತಿಂತು."

ನಿಶ್ಚಿತಾ ತಲೆಯಾಡಿಸಿದಳು. "ಫೋನ್ ಮಾಡಿ ಪಂಪ್ ಹತ್ರ ಇದ್ದವನನ್ನ ಈಚೆ ಕರೆದಿದ್ದು ನಾನು. ಅಂಕಲ್‌ಗೆ ಹೇಳಿ," ಎಂದು ಟಾರ್ಚನ್ನು ಆಕೆಯ ಕೈಗೆ ಕೊಟ್ಟಳು.