ಮಿಂಚುವಿಗೊಂದು ಗುಡ್ಡ

"ಶೋಧನ್! ಇನ್ನು ಈ ಮನೆಯಲ್ಲಿ ಒಂದಾ ನಾನಿರಬೇಕು, ಇಲ್ಲದಿದ್ದರೆ ಆ ನಾಯಿ ಇರಬೇಕು!"

ರಾಜೀವಿಯಮ್ಮನ ಆ ಕೂಗಿಗೆ ಮೂಡುಬಿದಿರೆಯ ಫ್ಲ್ಯಾಟಿನ ಮೂರು ಮಾಳಿಗೆಯೂ ಅಲುಗಿತು ಎಂದರೆ ನಂಬಲೇಬೇಕು. ಕೂಗದೆ ಏನು ಮಾಡಿಯಾರು! ಭಜನೆಗೆಂದು ಬಂದಿದ್ದ ಹನ್ನೊಂದು ಮಂದಿ ಹೆಂಗಸರು ಅಡುಗೆಮನೆಯ ಮೂಲೆಯಲ್ಲಿ ಉಪ್ಪಿನಕಾಯಿ ಭರಣಿಗಳ ಹಾಗೆ ಒತ್ತೊತ್ತಾಗಿ ನಿಂತಿದ್ದರು. ನಾಯಿ ಯಾರನ್ನೂ ಕಚ್ಚಿರಲಿಲ್ಲ, ಒಂದು ಸಲ ಬೊಗಳಿಯೂ ಇರಲಿಲ್ಲ. ಮಿಂಚು ಎಂಬ ಆ ಕಪ್ಪು ಬಿಳಿ ಹೆಣ್ಣುನಾಯಿ ಹೊಟ್ಟೆ ನೆಲಕ್ಕೆ ತಾಗುವಂತೆ ಬಗ್ಗಿ, ಕಣ್ಣು ಮಿಟುಕಿಸದೆ, ಆಚೆಯಿಂದ ಈಚೆ ಓಡಿ ಓಡಿ ಅವರನ್ನೆಲ್ಲ ಹಾಲ್‌ನಿಂದ ಅಲ್ಲಿಗೆ ಅಟ್ಟಿತ್ತು. ಒಬ್ಬರು ಕಾಲು ಹೊರಗಿಟ್ಟರೆ ಸಾಕು, ಮಿಂಚು ಅಲ್ಲಿ ಹಾಜರು! ಹಾಲ್‌ನಲ್ಲಿ ಹಾರ್ಮೋನಿಯಂ ಒಂದೇ ಅನಾಥವಾಗಿ ಕುಳಿತಿತ್ತು.

"ಕೂತ್ಕೋ ಮೂದೇವಿ!" ಎಂದು ರಾಜೀವಿಯಮ್ಮ ಗದರಿದರು. ಮಿಂಚು ತಟ್ಟನೆ ಕುಳಿತುಕೊಂಡಿತು. ಆ ಗದ್ದಲದಲ್ಲಿ ಅದನ್ನು ಯಾರೂ ಗಮನಿಸಲಿಲ್ಲ.

ಸೊಸೆ ಸುಪ್ರೀತಾ ಓಡಿಬಂದು ನಾಯಿಯ ಕುತ್ತಿಗೆ ತಬ್ಬಿಕೊಂಡಳು. "ಅದಕ್ಕೆ ಬೇರೇನೂ ಗೊತ್ತಿಲ್ಲ ಅತ್ತೆ... ಅಪ್ಪನ ಬಾತುಕೋಳಿಗಳನ್ನು ಹಾಗೇ ಒಟ್ಟು ಮಾಡ್ತಿತ್ತು..."

"ಓಹೋ, ನಾವು ಬಾತುಕೋಳಿಗಳಾ? ಊರಿನ ಸೊಸೆಯಂದಿರು ತವರಿನಿಂದ ಚಿನ್ನ ತರ್ತಾರೆ, ಬೆಳ್ಳಿ ತರ್ತಾರೆ. ನಮ್ಮವಳು ನಾಯಿ ತಂದಳು! ಆದಿತ್ಯವಾರದೊಳಗೆ ಇದಕ್ಕೊಂದು ಜಾಗ ನೋಡು. ಇಲ್ಲದಿದ್ದರೆ ಮೀನಿನ ಟೆಂಪೋದವನಿಗೆ ಹೇಳಿ, ಗೋಣಿಯಲ್ಲಿ ಹಾಕಿ ಘಾಟಿ ಹತ್ತಿಸ್ತೇನೆ!"

ಸುಪ್ರೀತಾ ನಾಯಿಯನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡಳು. ಬಂಟ್ವಾಳದ ಹೊಳೆಬದಿಯಲ್ಲಿ ಬಾತುಕೋಳಿ ಸಾಕುತ್ತಿದ್ದ ಅವಳ ಅಪ್ಪ ಲೋಕನಾಥ ತೀರಿಕೊಂಡು ಒಂದು ವರ್ಷವಾಗಿತ್ತು. ಕೊನೆಗಾಲದಲ್ಲಿ ಅವರ ಮಂಚದ ಸುತ್ತ ನಿಂತವರಲ್ಲಿ ಅಳದಿದ್ದದ್ದು ಮಿಂಚು ಒಂದೇ. ಅದು ಅವರ ಮಂಚಕ್ಕೇ ಸುತ್ತು ಹಾಕುತ್ತಿತ್ತು, ಜೀವ ತಪ್ಪಿಸಿಕೊಂಡು ಹೋಗದ ಹಾಗೆ ಕಾಯುವಂತೆ! "ಇದನ್ನು ಕಟ್ಟಿ ಹಾಕಬೇಡ ಮಗಾ" ಎಂದಷ್ಟೇ ಅಪ್ಪ ಹೇಳಿದ್ದರು. ಆದರೆ ರಸ್ತೆ ಅಗಲ ಮಾಡುವಾಗ ಗಂಡ ಶೋಧನನ ಅಂಗಳದ ಮನೆಯೇ ಹೋಗಿ, ಎಲ್ಲರೂ ಈ ಎರಡು ಕೋಣೆಯ ಫ್ಲ್ಯಾಟಿಗೆ ಬಂದಿದ್ದರು. ಬೆಳಿಗ್ಗೆ ಪಾಠ ಮಾಡಲು ಶಾಲೆಗೆ ಹೋಗುವ ಮೊದಲು ಸುಪ್ರೀತಾ ಬಸದಿ ರಸ್ತೆಯಲ್ಲಿ ಮೂರು ಮೈಲು ಓಡಿಸಿದರೂ ನಾಯಿಗೆ ಓಡುವ ಚಪಲ ತೀರುತ್ತಿರಲಿಲ್ಲ. ಬಾಗಿಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಬಾಗಿಲಿಗೆ... ಟೈಲ್ಸಿನ ಮೇಲೆ ಉಗುರಿನ ಟಿಕ್ ಟಿಕ್ ಸದ್ದು ಗಡಿಯಾರವನ್ನೂ ಸೋಲಿಸುತ್ತಿತ್ತು. ತನ್ನ ಮುಂಗಾಲನ್ನೇ ಕಚ್ಚಿ ಕಚ್ಚಿ ಹುಣ್ಣು ಮಾಡಿಕೊಂಡಿತ್ತು. ಆ ಹುಣ್ಣಿಗೆ ಮುಲಾಮು ಹಚ್ಚುವಾಗೆಲ್ಲ "ಸರಿಯಾಗ್ತದೆ" ಎಂದು ಸುಪ್ರೀತಾ ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತಿದ್ದಳು.

ಮೊದಲು ನೋಡಿದ್ದು ಬೆಳ್ತಂಗಡಿಯ ಒಂದು ರಬ್ಬರು ತೋಟ. ಶೋಧನನ ಹಳೆಯ ಓಮ್ನಿಯಲ್ಲಿ ನಾಯಿಯನ್ನು ಕರೆದುಕೊಂಡು ಹೋದರು. ತೋಟದ ಧಣಿಗಳು ಖುಷಿಯಿಂದ ಗೇಟಿನ ಪಕ್ಕದ ಕಬ್ಬಿಣದ ಗೂಡು ತೋರಿಸಿದರು.

"ಹಗಲು ಇದರಲ್ಲಿ. ಕತ್ತಲಾದ ಮೇಲೆ ಬಿಡುವುದು. ನಾಯಿ ಜೋರು ಉಂಟಲ್ಲ?"

"ಇದು ಕೆಲಸದ ನಾಯಿ ಧಣಿಗಳೇ, ಗೂಡಿನದ್ದಲ್ಲ" ಎಂದು ಸುಪ್ರೀತಾ ಹಗ್ಗ ಬಿಗಿ ಹಿಡಿದು ತಿರುಗಿಯೂ ನೋಡದೆ ಹೊರಟಳು. ಅಮ್ಮನ ಕಡೆ ನಿಲ್ಲುವುದೋ ಹೆಂಡತಿಯ ಕಡೆ ನಿಲ್ಲುವುದೋ ಎಂದು ತಿಳಿಯದೆ ಪಾಪ, ದಾರಿಯುದ್ದಕ್ಕೂ ಶೋಧನ್ ಗೇರು ಬದಲಿಸುವುದನ್ನೂ ಮರೆತಿದ್ದ.

ಶುಕ್ರವಾರ ಮಾತ್ರ ಅವನು ತನ್ನ ಜೆರಾಕ್ಸ್ ಅಂಗಡಿಯಿಂದ ಓಡಿಕೊಂಡೇ ಬಂದ. ಆಡಿನ ಹಟ್ಟಿಯ ಅರ್ಜಿಗೆ ಆಧಾರ್ ಜೆರಾಕ್ಸ್ ಮಾಡಿಸಲು ನಾರಾವಿಯ ಮಹಮ್ಮದ್ ಕುಂಞಿ ಬಂದಿದ್ದರಂತೆ. ನಲವತ್ತು ಆಡು, ಗುಡ್ಡದ ತುಂಬ ಜಾಗ, ಆದರೆ ಆಡುಗಳು ಮಾತ್ರ ನೆರೆಯವರ ತೋಟದಲ್ಲೇ! ದಿನಾ ಜಗಳ!

ಶನಿವಾರ ನಾರಾವಿಗೆ ಹೋದರು. ಕುಂಞಿಯವರ ಹೆಂಡತಿ ರುಕಿಯಾ ಜಗಲಿಯಲ್ಲೇ ನಿಂತು ಹೇಳಿದರು: "ಆಡು ಕಾಯುವ ನಾಯಿಗೆ ನಮ್ಮಲ್ಲಿ ಅಡ್ಡಿಯಿಲ್ಲ ಮಗಳೇ. ಮನೆಯೊಳಗೆ ಮಾತ್ರ ಬೇಡ. ಅದಕ್ಕೆ ಬೇರೆ ಪಾತ್ರೆ, ಹಟ್ಟಿಯ ಹತ್ತಿರ ಮಲಗಲಿಕ್ಕೆ ಬೇರೆ ಹುಲ್ಲಿನ ಮಾಡು. ಊಟಕ್ಕೆ ಕಡಿಮೆ ಮಾಡುವುದಿಲ್ಲ."

"ಸಂಕಲೆ ಹಾಕಬಾರದು ಕಾಕ. ಬೇರೆಯವರಿಗೆ ಕೊಡಬಾರದು. ಆಗದಿದ್ದರೆ ನನಗೇ ವಾಪಸ್ ಕೊಡಬೇಕು" ಎಂದಳು ಸುಪ್ರೀತಾ, ಕೈಯ ಹಗ್ಗ ಬಿಡದೆ.

ಕುಂಞಿಯವರು ಟೊಪ್ಪಿ ಸರಿಮಾಡಿಕೊಂಡರು. "ನೀವು ಹೆಣ್ಣು ಕೊಡುವವರಿಗಿಂತ ಹೆಚ್ಚು ಕೇಳ್ತೀರಿ! ಆಗಲಿ, ಒಂದು ವಾರ ನೋಡುವ."

ಮಿಂಚು ಗುಡ್ಡದತ್ತ ಓಡಿದ್ದೇ ಓಡಿದ್ದು. ಹಿಂದೆ ತಿರುಗಿ ನೋಡಲೇ ಇಲ್ಲ... ಅದರಿಂದಲೇ ಸುಪ್ರೀತಾಳಿಗೆ ಹೆಚ್ಚು ನೋವಾಯಿತು.

ಆದರೆ ಮಂಗಳವಾರ ಸಂಜೆ ಫೋನ್ ಬಂತು.

"ಮಗಳೇ, ಬೇಗ ಬನ್ನಿ ಮಾರಾಯ್ತಿ! ನಿಮ್ಮ ನಾಯಿ ನಲವತ್ತು ಆಡನ್ನೂ ಗುಡ್ಡದ ತುದಿಗೆ ಹತ್ತಿಸಿ ಕಾವಲು ಕೂತಿದೆ. ಕೆಳಗೆ ಬಿಡುವುದಿಲ್ಲ. ನಡುವಿನಲ್ಲಿ ನಮ್ಮ ಪಂಚಾಯತ್ ಮೆಂಬರನೂ ಸಿಕ್ಕಿ ಬಿದ್ದಿದ್ದಾನೆ! ಯಾರು ಕರೆದರೂ ಕೇಳುವುದಿಲ್ಲ. ಹೀಗಾದರೆ ಇಟ್ಟುಕೊಳ್ಳುವುದು ಹೇಗೆ?"

ಸುಪ್ರೀತಾ ಕಣ್ಣೀರು ಒರೆಸುತ್ತ ಚಪ್ಪಲಿ ಮೆಟ್ಟಿದಳು. ವಾಪಸ್ ತಂದರೆ ಗೋಣಿ, ಘಾಟಿ! ಬಾಗಿಲಿಗೆ ಬಂದರೆ ಅತ್ತೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲೇ ನಿಂತಿದ್ದರು.

"ನಾನೂ ಬರ್ತೇನೆ."

"ನೀವ್ಯಾಕೆ ಅತ್ತೆ... ನೋಡಿ ನಗಲಿಕ್ಕಾ?"

ರಾಜೀವಿಯಮ್ಮ ನೇರ ಹೋಗಿ ಓಮ್ನಿಯ ಎದುರಿನ ಸೀಟಿನಲ್ಲಿ ಕುಳಿತರು.

ಗುಡ್ಡದ ಬುಡದಲ್ಲಿ ಊರೇ ಸೇರಿತ್ತು. ಸುಪ್ರೀತಾ ಕರೆದಳು, ಬೇಡಿಕೊಂಡಳು, ಅತ್ತಳು. "ಮಿಂಚೂ... ಬಾರೇ ಚಿನ್ನಾ..." ನಾಯಿ ಒಮ್ಮೆ ಬಾಲ ಅಲ್ಲಾಡಿಸಿ, ಒಂದು ಹೋತವನ್ನು ಮತ್ತೆ ಗುಂಪಿಗೆ ಅಟ್ಟಿತು. ಮೆಂಬರ್ ಮೇಲಿನಿಂದ ಕೂಗಿದ: "ಇದಕ್ಕೆ ವೋಟಿಲ್ಲ ಅಂತ ನನ್ನನ್ನು ಹೀಗೆ ಮಾಡುವುದಾ?"

ಆಗ ರಾಜೀವಿಯಮ್ಮ ಗಂಟಲು ಸರಿಮಾಡಿಕೊಂಡರು.

"ನಿಲ್ಲು ಶನಿ!"

ಮಿಂಚು ಕಲ್ಲಿನಂತೆ ನಿಂತಿತು.

"ಇಳಿಸಿಕೊಂಡು ಬಾ, ದರಿದ್ರದ್ದೇ!"

ನಲವತ್ತು ಆಡು, ಒಬ್ಬ ಮೆಂಬರ್, ಶಾಲೆಯ ಮಕ್ಕಳ ಸಾಲಿನ ಹಾಗೆ ಗುಡ್ಡ ಇಳಿದು ಹಟ್ಟಿಯ ಬಾಗಿಲಿಗೆ ಬಂದರು!

"ಕೂತ್ಕೋ ಮೂದೇವಿ!"

ಮಿಂಚು ರಾಜೀವಿಯಮ್ಮನ ಕಾಲ ಬುಡದಲ್ಲೇ ಕುಳಿತು, ಸೆರಗಿನ ತುದಿಯ ಗಂಟಿಗೆ ಮೂತಿ ಚುಚ್ಚಿತು. ಗಂಟು ಬಿಚ್ಚಿ, ಒಂದು ತುಂಡು ರಸ್ಕು ನೆಲಕ್ಕೆ ಬಿತ್ತು.

ಸುಪ್ರೀತಾ ಆ ರಸ್ಕನ್ನು ನೋಡಿದಳು. ಅತ್ತೆಯ ಮುಖ ನೋಡಿದಳು. "ಅತ್ತೆ... ಇದು ಯಾವಾಗಿನಿಂದ?"

"ಯಾವಾಗಿನಿಂದ ಅಂದರೆ... ನೀನು ಟೀಚರಮ್ಮ, ಬೆಳಿಗ್ಗೆ ಶಾಲೆಗೆ ಹೋದರೆ ಬರುವುದು ಸಂಜೆ. ಹಗಲಿಡೀ ಅದರ ಜೊತೆ ಇದ್ದದ್ದು ಯಾರು?" ರಾಜೀವಿಯಮ್ಮ ಬೇರೆ ಕಡೆ ತಿರುಗಿದರು. "ಬೈದರೆ ಸುಮ್ಮನೆ ಕೂರ್ತಿತ್ತು. ಕೂತದ್ದಕ್ಕೆ ಒಂದು ತುಂಡು ಕೊಡ್ತಿದ್ದೆ. ತಪ್ಪಾ?"

"ಮತ್ತೆ ಯಾಕೆ... ಯಾಕೆ ಓಡಿಸ್ತೇನೆ ಅಂದಿರಿ?"

"ಅದರ ಕಾಲಿನ ಹುಣ್ಣು ನೋಡಿಯೇ!" ರಾಜೀವಿಯಮ್ಮನ ದೊಡ್ಡ ದನಿ ಮೊದಲ ಸಲ ನಡುಗಿತು. "ನಲವತ್ತು ವರ್ಷ ಅಂಗಳ ಗುಡಿಸಿದವಳು ನಾನು. ಬಾಗಿಲು ಹಾಕಿದ ಕೋಣೆಯಲ್ಲಿ ಕೂತರೆ ಏನಾಗ್ತದೆ ಅಂತ ನನಗೆ ಗೊತ್ತಿಲ್ಲವಾ ಮಗಾ? ನಾನಾದರೆ ಭಜನೆ ಮಾಡಿ ಮರೆಯುತ್ತೇನೆ. ಅದು ಕಾಲು ಕಚ್ಚಿಕೊಳ್ತಿತ್ತು... ನಾನು ಕೆಟ್ಟವಳಾಗದಿದ್ದರೆ ನೀನು ಕೊಡ್ತಿದ್ದೆಯಾ? ಅಪ್ಪನದ್ದು ಅಂತ ಸಾಯುವವರೆಗೂ ಹಿಡಿದಿಟ್ಟುಕೊಳ್ತಿದ್ದೆ!"

ಅಪ್ಪ ಕಟ್ಟಿ ಹಾಕಬೇಡ ಎಂದಿದ್ದರು. ಹಗ್ಗವಿಲ್ಲದೆಯೇ ಕಟ್ಟಿ ಹಾಕಿದ್ದು ತಾನೇ ಅಲ್ಲವೇ... ಸುಪ್ರೀತಾ ಅತ್ತೆಯ ಭುಜಕ್ಕೆ ಮುಖವಿಟ್ಟು ಬಿಕ್ಕಿದಳು.

ಮುಂದಿನ ನಾಲ್ಕು ದಿನವೂ ಬೆಳಿಗ್ಗೆ ಶೋಧನ್ ಅಮ್ಮನನ್ನು ನಾರಾವಿಗೆ ಬಿಟ್ಟು ಬಂದ. ಹಟ್ಟಿಯ ಎದುರಿನ ಕಲ್ಲಿನ ಮೇಲೆ ಕುಳಿತು ರಾಜೀವಿಯಮ್ಮ ರುಕಿಯಾರಿಗೆ ಬೈಗುಳ ಕಲಿಸಿದರು.

"ನನ್ನ ಬಾಯಲ್ಲಿ ಶನಿ, ಮೂದೇವಿ ಎಲ್ಲ ಸರಿ ಬರುವುದಿಲ್ಲ ರಾಜೀವಿಯಕ್ಕ."

"ನಿಮ್ಮ ಭಾಷೆಯಲ್ಲೇ ಬೈಯಿರಿ. ಹೊಟ್ಟೆಯಿಂದ ಬರಬೇಕು. ನಿಮ್ಮ ಗಂಡ ಪೇಟೆಗೆ ಹೋಗಿ ಸಕ್ಕರೆ ಮರೆತು ಬಂದದ್ದು ನೆನಪು ಮಾಡಿಕೊಳ್ಳಿ!"

ರುಕಿಯಾ ನೆನಪು ಮಾಡಿಕೊಂಡು ಒಂದು ಬಿಟ್ಟರು ನೋಡಿ! ಮಿಂಚು ಕುಳಿತಿತು. ಜಗಲಿಯಲ್ಲಿದ್ದ ಕುಂಞಿಯವರೂ ಕುಳಿತುಬಿಟ್ಟರು. ಐದನೆಯ ದಿನ ನಾಯಿ ರುಕಿಯಾರ ಕೈಯಿಂದಲೇ ರಸ್ಕು ತಿಂದು, ಆಡುಗಳ ಹಿಂದೆ ಗಾಳಿಯಂತೆ ಹಾರಿತು. ಮುಂಗಾಲಿನ ಹುಣ್ಣಿನ ಮೇಲೆ ಹೊಸ ರೋಮ ಕಾಣುತ್ತಿತ್ತು.

ಆ ಸಂಜೆಯೂ ಫ್ಲ್ಯಾಟಿನಲ್ಲಿ ಟಿಕ್ ಟಿಕ್ ಸದ್ದಿರಲಿಲ್ಲ. ಸುಪ್ರೀತಾ ಬಾಗಿಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಬಾಗಿಲಿಗೆ ಸುಮ್ಮನೆ ತಿರುಗುತ್ತಿದ್ದಳು. ಹತ್ತು ಸಲ, ಇಪ್ಪತ್ತು ಸಲ...

"ಕೂತ್ಕೋ ಮೂದೇವಿ!"

ಸುಪ್ರೀತಾ ಕುಳಿತುಬಿಟ್ಟಳು.

ರಾಜೀವಿಯಮ್ಮ ಸೆರಗಿನ ಗಂಟು ಬಿಚ್ಚಿದರು. ಉಳಿದಿದ್ದ ಒಂದೇ ರಸ್ಕನ್ನು ಎರಡು ಮಾಡಿ, ದೊಡ್ಡ ತುಂಡನ್ನು ಸೊಸೆಯ ಅಂಗೈಯಲ್ಲಿಟ್ಟರು.

"ತಿನ್ನು" ಎಂದರು.