ಸದ್ದು ಸಾಯುವ ದಿಕ್ಕು

ಬಾಗಿಲು ತೆರೆದವನು ಮೊದಲು ನೋಡಿದ್ದು ಅವಳ ಮುಖವನ್ನಲ್ಲ, ಅವಳ ಕೈಯಲ್ಲಿದ್ದ ಸೋಪಿನ ಡಬ್ಬಿಯನ್ನು.

ಡಬ್ಬಿಯ ಮೇಲೆ ತಾಮ್ರದ ತಂತಿ ಸುತ್ತಿದ ಒಂದು ಕಪ್ಪು ಕಡ್ಡಿ. ಒಳಗಿನಿಂದ ಟಕ್... ಟಕ್... ಟಕ್...

ಅವನ ಬೆನ್ನ ಹಿಂದಿನ ಕೋಣೆಯ ಕಿಟಕಿಗಳಿಗೆಲ್ಲ ದಪ್ಪ ಕಾಗದ ಅಂಟಿಸಿತ್ತು. ಹೊರಗೆ ಹೊತ್ತು ಮುಳುಗಿದ್ದರೂ ಒಳಗೆ ದೀಪಗಳು ಹಾಡಹಗಲಿನಂತೆ ಉರಿಯುತ್ತಿದ್ದವು. ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆ!

ಅವಳು ಕಡ್ಡಿಯ ತುದಿಯನ್ನು ಮೆಲ್ಲಗೆ ಅವನ ಮೇಜಿನ ಕಡೆ ತಿರುಗಿಸಿದಳು. ಸದ್ದು ಪಟ್ಟನೆ ಸತ್ತುಹೋಯಿತು.

“ಹಾಗಾದ್ರೆ ಟೈಮ್ ಕದೀತಿರೋದು ನೀವು,” ಅಂದಳು.

“ಸ್ವಲ್ಪ ಮೆಲ್ಲಗೆ ಮಾತಾಡಿ. ಒಳಗೆ ಅಮ್ಮ ಇದ್ದಾರೆ.”

ಇಲ್ಲಿ ಅಮ್ಮ ಬೇರೆ ಇದ್ದಾರಾ? ಈ ಮಹಡಿ ಖಾಲಿ ಅಂತ ಇಡೀ ಓಣಿ ನಂಬಿತ್ತಲ್ಲ...

ಅವಳು ಎದುರಿನ ಗಡಿಯಾರದಂಗಡಿಯವಳು. ಓಣಿಯವರ ಬಾಯಲ್ಲಿ ಗಂಟೆ ಮೇಡಂ. ಅಪ್ಪ ತೀರಿಕೊಂಡ ಮೇಲೆ ಅಂಗಡಿಯನ್ನು ಒಬ್ಬಳೇ ತೂಗಿಸಿಕೊಂಡು ಬಂದಿದ್ದಳು. ಅವರು ಬಿಟ್ಟುಹೋದ ಆಸ್ತಿಯೆಂದರೆ ಒಂದೇ, ಈ ಅಂಗಡಿಯ ಟೈಮ್ ಸುಳ್ಳಾಗೋದಿಲ್ಲ ಅನ್ನುವ ಹೆಸರು.

ಆ ಹೆಸರಿಗೇ ಈಗ ಕುತ್ತು ಬಂದಿತ್ತು. ದೂರದ ಯಾವುದೋ ಕೇಂದ್ರ ರೇಡಿಯೋ ಅಲೆಯಲ್ಲಿ ಕಳಿಸುವ ಸಮಯವನ್ನು ಹಿಡಿದು ತಾವೇ ಸರಿಹೋಗುವ ಗಡಿಯಾರಗಳನ್ನು ಅವಳು ಹೊಸದಾಗಿ ತರಿಸಿದ್ದಳು. ಅವು ಸಂಜೆಯಾಯಿತೆಂದರೆ, ಯಾರೂ ಮುಟ್ಟದೆ, ಎಲ್ಲವೂ ಒಟ್ಟಿಗೆ ಮುಳ್ಳುಗಳನ್ನು ಗಿರ್ರನೆ ಸುತ್ತಿಸಿ ನಾಲ್ಕಕ್ಕೆ ಹೋಗಿ ನಿಲ್ಲುತ್ತಿದ್ದವು. ನೀವೇ ಹೇಳಿ, ಯಾರ ಎದೆ ಝಲ್ಲೆನ್ನುವುದಿಲ್ಲ?

ಅಂಗಡಿಯ ಗಡಿಯಾರ ನೋಡಿಕೊಂಡು ಪಾಳಿಗೆ ಹೊರಡುತ್ತಿದ್ದ ನರ್ಸಕ್ಕ ತಡವಾಗಿ ಹೋಗಿ ಬೈಸಿಕೊಂಡು, ಇನ್ನು ಈ ಕಡೆ ತಲೆ ಹಾಕಲ್ಲ ಅಂದಳು. ಕೊಂಡವರು ಒಬ್ಬೊಬ್ಬರಾಗಿ ಗಡಿಯಾರ ವಾಪಸು ತಂದರು. ಪಕ್ಕದ ಟೈಲರಣ್ಣ, ನಿಮ್ಮಪ್ಪನೇ ಬಂದು ಮುಳ್ಳು ತಿರುಗಿಸ್ತಿರಬೇಕು ಅಂತ ತಮಾಷೆ ಮಾಡಿದ. ಅವಳಿಗೆ ನಗು ಬರಲಿಲ್ಲ.

ಆ ಅಲೆಯನ್ನು ಕಿವಿಯಾರೆ ಕೇಳಿಯೇ ಬಿಡುವುದೆಂದು ಕೂತಳು. ಹಳೆಯ ರೇಡಿಯೋದಿಂದ ಅಲೆ ಹಿಡಿಯುವ ಕಪ್ಪು ಕಡ್ಡಿ ಕಿತ್ತಳು. ಕೂದಲೆಳೆಯಂಥ ತಂತಿಯನ್ನು ಸುತ್ತು ಹಾಕುತ್ತಾ ಹೋಗಿ, ಲೆಕ್ಕ ತಪ್ಪಿ, ಬಿಚ್ಚಿ, ಮತ್ತೆ ಸುತ್ತಿದಳು. ಎಲ್ಲವನ್ನೂ ಸೋಪಿನ ಡಬ್ಬಿಯಲ್ಲಿ ಕೂರಿಸಿ ಬೆಸುಗೆ ಹಾಕುವಾಗ ಬೆರಳು ಸುಟ್ಟುಕೊಂಡಳು. ಮೊದಮೊದಲು ಬರೀ ಕರಕರ. ಟ್ಯೂಬ್‌ಲೈಟು ಆರಿಸಿದಾಗ ಆ ಕರಕರದ ಅಡಿಯಿಂದ ಎದ್ದು ಬಂತು... ಟಕ್... ಟಕ್...

ನಿಮಿಷ ಮುಗಿಯುವಾಗ ಒಂದು ಬಡಿತ ಇರುವುದಿಲ್ಲ. ಮುಂದಿನದು ಹೊಸ ನಿಮಿಷ ಎಂದು ತಿಳಿಸುವ ಗುರುತು ಅದು. ಗೊತ್ತಿದ್ದರೂ ಆ ಖಾಲಿ ಜಾಗ ಬಂದಾಗಲೆಲ್ಲ ಅವಳ ಮೈ ಜುಮ್ಮೆನ್ನುತ್ತಿತ್ತು. ಯಾರೋ ಬೆನ್ನ ಹಿಂದೆಯೇ ನಿಂತು ಉಸಿರು ಬಿಗಿಹಿಡಿದ ಹಾಗೆ...

ದೂರದ ಸದ್ದು ಇಷ್ಟು ಗಟ್ಟಿ ಇರುವುದಿಲ್ಲ, ಇದು ಹತ್ತಿರದ್ದೇ ಎಂದು ಅವಳಿಗೆ ಖಾತ್ರಿಯಾಯಿತು. ಆದರೆ ಅಲ್ಲೊಂದು ತಪ್ಪು ಮಾಡಿದಳು. ಕಡ್ಡಿಯ ತುದಿಯನ್ನು ಮುಂದೆ ಹಿಡಿದು, ಸದ್ದು ಜೋರಾದ ಕಡೆ ನಡೆದು, ಬೇಕರಿಯ ಗೋಡೆಗೆ ಹೋಗಿ ಮುಟ್ಟಿದಳು. ಬೇಕರಿಯ ಅತ್ತಿಗೆ ಬಾಗಿಲಲ್ಲೇ ನಿಂತು, ಗೋಡೆಗೆ ಜ್ವರವೇನಮ್ಮಾ ಅಂತ ಕೇಳಿದಳು. ಆ ಕಡ್ಡಿ ತನ್ನ ಪಕ್ಕೆಯಿಂದ ಕೇಳಿಸಿಕೊಳ್ಳುತ್ತದೆ, ತುದಿಯಿಂದಲ್ಲ ಅನ್ನುವುದು ಆಮೇಲೆ ಹೊಳೆಯಿತು. ತುದಿ ತಿರುಗಿಸಿದಾಗ ಸದ್ದು ಎಲ್ಲಿ ಸಾಯುತ್ತದೋ, ಆ ಕಡೆಗೆ ನಡೆಯಬೇಕು.

ಹಾಗೆ ನಡೆದೇ ಅವಳು ಈ ಮೆಟ್ಟಿಲು ಹತ್ತಿದ್ದಳು.

ಅವನು ಕಿವಿ ಮಂದವಾದವರು ಕಿವಿಗಿಡುವ ಯಂತ್ರಗಳನ್ನು ರಿಪೇರಿ ಮಾಡುವವನು. ಮಾತು ಕಡಿಮೆ. ಇದ್ದದ್ದನ್ನು ಇದ್ದಂತೆ ಹೇಳಿದ. ಅವನ ಅಪ್ಪ ದಿನಾ ಆರಕ್ಕೆ ಕೆಲಸದಿಂದ ಬರುತ್ತಿದ್ದರು. ಅವರು ಹೋಗಿ ವರ್ಷಗಳಾದವು, ಆದರೆ ಅಮ್ಮನ ನೆನಪಿನಿಂದ ಆ ಸಾವೊಂದೇ ಅಳಿಸಿಹೋಗಿದೆ. ಆರು ದಾಟಿದರೆ ಹುಡುಕಿಕೊಂಡು ಬೀದಿಗಿಳಿಯುತ್ತಾರೆ. ಅದಕ್ಕೇ ಆರು ಆಗದ ಹಾಗೆ, ಗೋಡೆಯ ಗಡಿಯಾರಕ್ಕೆ ಸುಳ್ಳು ಸಮಯ ಕಳಿಸುವ ಪುಟ್ಟ ಯಂತ್ರ ಕಟ್ಟಿದ್ದ. ಅಮ್ಮ ಹಿಂದಿನ ಕೋಣೆಗೆ ಹೋಗಿ ಕೂರತೊಡಗಿದ ಮೇಲೆ, ಅಲ್ಲಿನ ಗಡಿಯಾರಕ್ಕೂ ಅಲೆ ಮುಟ್ಟಲೆಂದು ಅದರ ಸುರುಳಿ ದೊಡ್ಡದು ಮಾಡಿದ್ದ. ಅಲೆ ಓಣಿ ದಾಟುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲ.

ಅವಳಿಗೆ ಪಾಪ ಅನ್ನಿಸಿತು. ಆದರೂ ಸಿಟ್ಟು ಇಳಿಯಲಿಲ್ಲ.

“ನಿಮ್ಮಮ್ಮನ್ನ ನಾಲ್ಕು ಗಂಟೆಯೊಳಗೆ ಕೂಡಿಹಾಕಿದ್ದೀರಿ. ಜೊತೆಗೆ ನನ್ನ ಅಂಗಡೀನೂ.”

ಅವನು ಕೈಚಾಚಿ ಯಂತ್ರದ ಸ್ವಿಚ್ ಆರಿಸಿದ. ಸೋಪಿನ ಡಬ್ಬಿಯೊಳಗೆ ಬರೀ ಸುಯ್ ಎನ್ನುವ ಸದ್ದು ಉಳಿಯಿತು. ಗೆದ್ದೆ ಅನ್ನಿಸಬೇಕಿತ್ತು. ಯಾರನ್ನೋ ನಡುದಾರಿಯಲ್ಲಿ ಬಿಟ್ಟು ಬಂದಂತೆ ಅನ್ನಿಸಿತು.

ಮರುದಿನ ಸಂಜೆ ಅವಳ ಗಡಿಯಾರಗಳು ನಾಲ್ಕು ದಾಟಿದವು, ಐದು ದಾಟಿದವು. ಆರರ ಮೊದಲ ಗಂಟೆ ಹೊಡೆಯುತ್ತಿದ್ದಂತೆ ಬೆನ್ನ ಹಿಂದೆ ಯಾರೋ ನಿಂತಂತಾಗಿ ತಿರುಗಿದಳು.

ಬರಿಗಾಲಿನಲ್ಲಿ ಒಬ್ಬ ಮುದುಕಿ. ಗೋಡೆ ತುಂಬ ಗಂಟೆಗಳು ಒಂದರ ಮೇಲೊಂದು ಹೊಡೆಯುತ್ತಿದ್ದರೆ, ಆಕೆ ಒಂದೊಂದರ ಮುಖವನ್ನೂ ದಿಟ್ಟಿಸುತ್ತಿದ್ದರು.

“ಆರಾಯ್ತಾ ಮಗಳೇ?”

ನಾಲ್ಕು ಅಂದುಬಿಡಲಾ... ಇಷ್ಟು ದಿನ ಅವನು ಮಾಡಿದ್ದೂ ಅದೇ ಅಲ್ಲವೇ! ಅಂಗಡಿಯಲ್ಲಿ ಅಪ್ಪ ಕೂರುತ್ತಿದ್ದ ಕುರ್ಚಿಯ ಮುಂದೆ ನಿಂತು ಅವಳಿಗೆ ಸುಳ್ಳು ಬಾಯಿಗೆ ಬರಲಿಲ್ಲ.

“ಹೂಂ ಅಮ್ಮ, ಆರಾಯ್ತು. ಮನೆಗೆ ಹೋಗೋಣ ಬನ್ನಿ.”

ಅವನು ಓಣಿಯ ಆ ತುದಿಯಿಂದ ಏದುಸಿರು ಬಿಡುತ್ತಾ ಓಡಿಬಂದ. ಮೂವರೂ ಮೆಟ್ಟಿಲು ಹತ್ತಿದರು. ಮೊದಲು ಒಳಗೆ ಹೋದ ಅಮ್ಮ ತಿರುಗಿ ನಿಂತರು. ಹೊಸ್ತಿಲು ದಾಟುತ್ತಿದ್ದ ಅವಳನ್ನೇ ನೆಟ್ಟಗೆ ನೋಡಿದರು. ಆ ಕಣ್ಣುಗಳಲ್ಲಿ ಅವಳು ಇರಲಿಲ್ಲ, ಬೇರೆ ಯಾರೋ ಇದ್ದರು.

“ಬಂದ್ರಾ?” ಅಂದರು, ನಾಚಿಕೆ ಬೆರೆತ ದನಿಯಲ್ಲಿ. “ಕೊಡೆ ಎಲ್ಲಿ ಮರೆತು ಬಂದ್ರಿ?”

ಅವಳ ಕುತ್ತಿಗೆಯ ಹಿಂದೆ ತಣ್ಣಗಾಯಿತು.

“ಅಂಗಡೀಲೇ ಬಿಟ್ಟೆ,” ಅಂದಳು ಅವಳು. ಅವಳ ಕೊಡೆ ನಿಜವಾಗಿಯೂ ಅಂಗಡಿಯಲ್ಲೇ ಇತ್ತು.

“ಯಾವಾಗಲೂ ಹೀಗೇ,” ಅಂತ ಗೊಣಗಿದ ಅಮ್ಮ, ಚಹಾಕ್ಕಿಡಲು ಒಳಗೆ ಹೋದರು. ಅಷ್ಟೇ. ಅಳಲಿಲ್ಲ, ಬೀದಿಗಿಳಿಯಲಿಲ್ಲ.

ಆರು ಗಂಟೆ ಆಕೆಯನ್ನು ಹೆದರಿಸಿರಲಿಲ್ಲ. ಆರಕ್ಕೆ ಯಾರೂ ಬಾರದ ಬಾಗಿಲು ಹೆದರಿಸಿತ್ತು. ಮನೆಯಲ್ಲೇ ಕೂತು ದುಡಿಯುವ ಮಗ ಹೊರಗಿನಿಂದ ಬರುವುದೇ ಇಲ್ಲವಲ್ಲ.

ಮರುದಿನದಿಂದ ಅವಳು ಆರಕ್ಕೆ ಮೆಟ್ಟಿಲು ಹತ್ತತೊಡಗಿದಳು. ಅಮ್ಮ ಕೆಲವು ಸಂಜೆ ಅವಳನ್ನು ಮಗಳೇ ಅನ್ನುತ್ತಿದ್ದರು, ಕೆಲವು ಸಂಜೆ ಗಂಡನನ್ನು ಮಾತಾಡಿಸುವಂತೆ ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಅಂಥ ಸಂಜೆಗಳಲ್ಲಿ ಅವಳಿಗೆ ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿ ನೋಡಲು ಈಗಲೂ ಧೈರ್ಯ ಸಾಲದು. ಅವನು ಕಿಟಕಿಗಳ ಕಾಗದ ಕಿತ್ತ. ನರ್ಸಕ್ಕ ಮತ್ತೆ ಗಡಿಯಾರ ನೋಡಿಕೊಂಡು ಪಾಳಿಗೆ ಹೊರಡತೊಡಗಿದಳು.

ಒಂದು ಸಂಜೆ ಅವಳು ಹೊರಟಾಗ ಅವನು ಮೆಟ್ಟಿಲವರೆಗೂ ಬಂದ.

“ನೀವು ಬರೋದು ಅಮ್ಮನಿಗೋಸ್ಕರ. ಗೊತ್ತು. ಆದ್ರೆ... ಐದೂವರೆಯಿಂದ ನಾನೂ ಬಾಗಿಲು ನೋಡ್ತಿರ್ತೀನಿ.”

“ಸುಳ್ಳು. ಐದಕ್ಕೇ ಕಿಟಕಿಗೆ ಬಂದು ನಿಲ್ತೀರಿ. ಅಂಗಡಿಯಿಂದ ಕಾಣುತ್ತೆ.”

ಅವನ ಕಿವಿ ಕೆಂಪಾಯಿತು.

“ಹಾಗಾದ್ರೆ ನಾಳೆ ಐದಕ್ಕೇ ಬನ್ನಿ.”

“ಆಗಲ್ಲ. ಅಮ್ಮನ ಲೆಕ್ಕ ತಪ್ಪುತ್ತೆ.” ಅವಳು ಒಂದು ಮೆಟ್ಟಿಲು ಇಳಿದು ನಿಂತಳು. “ಬೇಕಾದ್ರೆ ಹೋಗೋದನ್ನ ತಡ ಮಾಡಬಹುದು.”

“ಎಷ್ಟು ತಡ?”

ಅವಳು ಇಳಿದ ಮೆಟ್ಟಿಲನ್ನು ಮತ್ತೆ ಹತ್ತಿದಳು.

“ಹೋಗೋದೇ ಬೇಡ ಅಂತ ನೀವು ಹೇಳೋಷ್ಟು.”

“ಹೋಗಬೇಡಿ,” ಅಂದ ಅವನು.