ಉಂಟು ಅಂದ ಆ ದನಿ

"ಗ್ಯಾಸ್ ಉಂಟು ಸಿಸ್ಟರ್... ಅಷ್ಟೇ."

ಬಿಂದುವಿನ ಪೆನ್ನು ನಿಂತೇಹೋಯಿತು.

ಅದೇ ಮಾತು! ಎರಡು ವರ್ಷದ ಹಿಂದೆ, ೧೯೯೭ರಲ್ಲಿ, ಕೊಲ್ಲಿ ನಾಡಿನ ಅಲ್ ಐನ್‌ನ ಇದೇ ಆಸ್ಪತ್ರೆಯಲ್ಲಿ ವಿಟ್ಲದ ಜಲೀಲ್ ಕೂಡ ಹೀಗೇ ಹೇಳಿದ್ದ. ಗಾಳಿ ಹೊರಗೆ ಹೋಗುತ್ತಿದೆಯೇ ಕೇಳು ಎಂದು ಡಾಕ್ಟರ್ ಹೇಳಿದ್ದರು. ಮೈಸೂರಿನಿಂದ ಹೊಸದಾಗಿ ಬಂದಿದ್ದ ನರ್ಸ್ ಬಿಂದು ನಾಚಿಕೊಂಡು, ಗ್ಯಾಸ್ ಇದೆಯಾ ಎಂದಷ್ಟೇ ಕೇಳಿದ್ದಳು. ಹೊಟ್ಟೆಯೊಳಗೆ ಕಟ್ಟಿಕೊಂಡಿದೆ ಎಂಬ ಅರ್ಥದಲ್ಲಿ ಅವನು 'ಉಂಟು' ಅಂದ. ಹೋಗುತ್ತಿದೆ ಎಂದು ಅವಳು ಡಾಕ್ಟರಿಗೆ ಹೇಳಿದಳು.

ಮಾತ್ರೆ ಕೊಟ್ಟು ಕಳಿಸಿದರು. ಮರುದಿನ ಅವನನ್ನು ಹೊತ್ತು ತಂದಾಗ, ತಿರುಚಿದ ಕರುಳು ಒಳಗೇ ಕೊಳೆತಿತ್ತು...

ಜಲೀಲ್ ಉಳಿಯಲಿಲ್ಲ. ಅವನ ದನಿ ಉಳಿಯಿತು. ಲಿಫ್ಟಿನಲ್ಲಿ, ಎ.ಸಿ.ಯ ಗುಂಯ್‌ಗುಡುವಿಕೆಯಲ್ಲಿ, ಊಟದ ತಟ್ಟೆಯ ಮುಂದೆ... ಉಂಟು ಸಿಸ್ಟರ್, ಉಂಟು.

ಈಗ ಎದುರಿಗಿದ್ದವನು ಪುತ್ತೂರಿನ ನಂದನ್, ಇಂಡಿಯನ್ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಹೊಟ್ಟೆ ತಮಟೆಯಂತೆ ಬಿಗಿದಿತ್ತು.

"ಸರಿಯಾಗಿ ಹೇಳಿ. ಹೂಸು ಹೋಗ್ತಿದೆಯಾ, ಇಲ್ವಾ?"

ಪರದೆಯಾಚೆ ಯಾರೋ ಕಿಸಕ್ಕೆಂದರು. ನಂದನ್ ಗೋಡೆಯತ್ತ ಮುಖ ತಿರುಗಿಸಿದ.

"ಎರಡು ದಿನದಿಂದ... ಇಲ್ಲ."

ಬಿಂದು ಓಡಿದಳು.

ಎಕ್ಸ್‌ರೇಯಲ್ಲಿ ಉಬ್ಬಿದ ಕರುಳು ದೊಡ್ಡ ಕಾಫಿಬೀಜದಂತೆ ಬಾಗಿ ನಿಂತಿತ್ತು. ದೊಡ್ಡ ಕರುಳಿನ ಕೆಳಭಾಗ ತನ್ನ ಬುಡದಲ್ಲೇ ತಿರುಚಿಕೊಂಡಿದೆ ಎಂದರು ಸರ್ಜನ್ ಸುಸನ್. ಅದೃಷ್ಟಕ್ಕೆ ಇನ್ನೂ ಕೊಳೆತಿರಲಿಲ್ಲ. ಕೆಳಗಿನಿಂದ ಕೊಳವೆ ಹಾಕಿದರು. ಅದು ತಿರುಚು ದಾಟಿದ್ದೇ ತಡ, ಗಾಳಿ ಭುಸ್ಸೆಂದು ಹೊರಬಿತ್ತು, ಹೊಟ್ಟೆ ಇಳಿಯಿತು. ಅಷ್ಟು ಹೊತ್ತೂ ಬಿಂದು ಅವನ ಕೈ ಹಿಡಿದೇ ಇದ್ದಳು.

ಸಂಜೆ ಅವನು ನಗುತ್ತಿದ್ದ. "ಸಿಸ್ಟರ್ ಅಂತ ಕರಿಲಿಕ್ಕೆ ಇನ್ನು ನನ್ನಿಂದ ಆಗುದಿಲ್ಲ ಮಾರಾಯ್ರೆ. ಹೆಸರು ಹೇಳಿ."

ಹೇಳಿದಳು. ಎದೆ ಹಗುರಾಯಿತು... ಒಂದೇ ಕ್ಷಣ!

ಕರುಳು ಮತ್ತೆ ತಿರುಚುತ್ತದೆ, ಎರಡು ದಿನದಲ್ಲಿ ಆ ಭಾಗ ಕತ್ತರಿಸಿ ತೆಗೆಯಲೇಬೇಕು ಎಂದರು ಸುಸನ್. ನಂದನ್ ಒಪ್ಪಲಿಲ್ಲ. ನೋವು ಹೋಯಿತಲ್ಲ, ಖಲಾಸ್, ಮನೆಗೆ ಹೋಗುತ್ತೇನೆ ಎಂದು ಹಟ ಹಿಡಿದ.

ಮನೆಗೆ ಕಳಿಸಿದ್ದಕ್ಕೇ ಅಲ್ಲವೇ ಜಲೀಲ್ ಸತ್ತದ್ದು? ಬಿಂದು ಬಾಗಿಲು ಮುಚ್ಚಿ, ಯಾರಿಗೂ ಹೇಳದಿದ್ದ ಆ ಕಥೆಯನ್ನು, ಇನ್ನೂ ಕೇಳಿಸುವ ಅವನ ದನಿಯ ಸಮೇತ, ಹೇಳಿಬಿಟ್ಟಳು.

ನಂದನ್ ತನ್ನ ಅಂಗೈಯನ್ನು ನೋಡಿಕೊಂಡ.

"ಹಾಗಾದ್ರೆ ನೀವು ಹಿಡ್ಕೊಂಡದ್ದು ನನ್ನ ಕೈ ಅಲ್ಲ. ಅವರದ್ದು."

ಅದು ಚುಚ್ಚಿತು. ಅರ್ಧ ನಿಜವಾದದ್ದರಿಂದ ಇನ್ನೂ ಆಳಕ್ಕೆ.

"ಮೊದಲು ಅವರದೇ," ಎಂದಳು. "ಹೊಟ್ಟೆ ಇಳಿದ ಮೇಲೆ ಡಾಕ್ಟರ್ ಎರಡು ಸಲ ಕೈ ಬಿಡು ಅಂದ್ರು. ಆಗ ಬಿಡದೇ ಇದ್ದಿದ್ದು... ನಿಮ್ಮದು."

ಅವನು ಪೆನ್ನು ಎತ್ತಿಕೊಂಡ. ಡಿಸ್ಚಾರ್ಜ್ ಕಾಗದವನ್ನು ಪಕ್ಕಕ್ಕೆ ಸರಿಸಿ, ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ.

ಆಪರೇಷನ್ ಎರಡೂವರೆ ಗಂಟೆ ಹಿಡಿಯಿತು. ಒಳಗೆ ಸುಸನ್ ಕರುಳಿನ ತಿರುಚಿದ ಭಾಗವನ್ನು ಕತ್ತರಿಸಿ ತುದಿಗಳನ್ನು ಹೊಲಿಯುತ್ತಿದ್ದರು. ಹೊರಗೆ ಬೆಂಚಿನಲ್ಲಿ ಬಿಂದುವಿನ ಪಕ್ಕ ಜಲೀಲ್ ಬಂದು ಕೂತಂತಾಯಿತು. ಈ ಸಲ ಅವಳು ಎದ್ದು ಹೋಗಲಿಲ್ಲ. ತಪ್ಪಾಯಿತು ಎಂದಳು, ಮೊದಲ ಸಲ, ಬಾಯಿ ಬಿಟ್ಟು.

ಆಪರೇಷನ್ ಆದ ಐದನೇ ದಿನ ಬಿಂದು ನಂದನ್‌ಗೆ ತಿಳಿಗಂಜಿ ಕುಡಿಸುತ್ತಿದ್ದಳು.

"ಜಲೀಲ್ ಈಗಲೂ ಬರ್ತಾರಾ?" ನಂದನ್ ಮೆಲ್ಲಗೆ ಕೇಳಿದ.

"ಬರ್ತಾರೆ."

"ಬರ್ಲಿ. ನನಗೂ ಗುರ್ತ ಮಾಡಿಸಿ. ನಮ್ಮ ಮನೆಗೆ ಯಾರೆಲ್ಲ ಬರ್ತಾರೆ ಅಂತ ಗೊತ್ತಿರ್ಬೇಕಲ್ಲ."

ಚಮಚ ಗಾಳಿಯಲ್ಲೇ ನಿಂತಿತು. "ನಮ್ಮ ಮನೆ ಅಂದ್ರೆ?"

"ಎಂತ, ಅದನ್ನೂ ಬಿಡಿಸಿ ಹೇಳ್ಬೇಕಾ?"

"ಹೇಳ್ಬೇಕು. ಅರ್ಧ ಕೇಳಿ ಅರ್ಥ ಮಾಡ್ಕೊಳ್ಳೋ ಧೈರ್ಯ ನಂಗಿಲ್ಲ."

ಅವನು ಹೊಲಿಗೆಯ ಮೇಲೆ ಕೈಯಿಟ್ಟು, ನೋವು ನುಂಗಿ, ಸ್ವಲ್ಪ ಎದ್ದು ಕೂತ.

"ನಾನು ನಿಮ್ಮನ್ನು ಮದುವೆ ಆಗ್ಬೇಕು ಬಿಂದು. ನೀವು ಒಪ್ಪಿದ್ರೆ."

"ಒಪ್ಪಿದೀನಿ," ಎಂದಳು ಬಿಂದು, ಒಂದೊಂದು ಅಕ್ಷರವೂ ಕೇಳಿಸುವಂತೆ.